ಕೂಗಳತೆ ಬೆಳಿಗ್ಗೆ ಉದ್ದ, ಮಧ್ಯಾಹ್ನ ಗಿಡ್ಡ

ಪ್ರಶ್ನೆ: ಕೊಡಗಿನ ನಾಪೋಕ್ಲು ಕಡೆ ಗದ್ದೆಯಂಚಿನಲ್ಲಿ ನಮ್ಮ ಮನೆ. ಅದೇ ಬಯಲಿನ ಆಚೆ ತುದಿಯಲ್ಲಿ, ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ, ಇನ್ನೊಂದು ಮನೆ. ಡಿಸೆಂಬರಿನಲ್ಲಿ ಮಂಜು ಮುಸುಕಿದ ಬೆಳಿಗ್ಗೆ ಅಲ್ಲಿ ನಾಯಿಯನ್ನು ಕರೆದದ್ದೂ ಇಲ್ಲಿಗೆ ಕೇಳುತ್ತದೆ. ಮಧ್ಯಾಹ್ನ ಗಂಟಲು ಹರಿಯುವಂತೆ ಕೂಗಿದರೂ ಕೇಳುವುದಿಲ್ಲ. ಮಂಜು ಸದ್ದನ್ನು ಹೊತ್ತು ತರುತ್ತದೆ ಎನ್ನುತ್ತಾರೆ ಹಿರಿಯರು. ಒಂಬತ್ತನೇ ತರಗತಿಯ ಮಗಳು ‘ದಟ್ಟ ವಸ್ತುವಿನಲ್ಲಿ ಸದ್ದಿನ ವೇಗ ಜಾಸ್ತಿ, ತಣ್ಣನೆ ಗಾಳಿ ದಟ್ಟ, ಅದಕ್ಕೇ’ ಅನ್ನುತ್ತಾಳೆ. ಯಾರದು ಸರಿ? ನಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಆ ಕಡೆ ಒಂದೇ ಗುಂಡು ಹೊಡೆದರೂ ನಮಗೆ ಎರಡು ಕೇಳಿ, ಆಮೇಲೆ ಗುಡುಗಿನ ಹಾಗೆ ಎಳೆಯುತ್ತದಲ್ಲ, ಅದೇನು? ನಡುವೆ ಸಿಲ್ವರ್ ಓಕ್ ಸಾಲು ನೆಟ್ಟರೆ ಆ ಕಡೆಯ ಲೌಡ್‌ಸ್ಪೀಕರ್ ಕಾಟ ತಪ್ಪುತ್ತದೆಯೇ?

ಉತ್ತರ: ಇಬ್ಬರದೂ ಅರ್ಧ ಸರಿ. ಹಿರಿಯರು ಗಮನಿಸಿದ್ದು ನಿಜ, ಕಾರಣ ತಪ್ಪು. ಮಗಳು ತಣ್ಣನೆ ಗಾಳಿಯ ಮೇಲೆ ಬೆರಳಿಟ್ಟದ್ದು ಸರಿ, ಆದರೆ ತಣ್ಣನೆ ಗಾಳಿಯಲ್ಲಿ ಸದ್ದು ಬೇಗ ಹೋಗುವುದಿಲ್ಲ, ನಿಧಾನವಾಗುತ್ತದೆ. ನಿಮ್ಮ ಬೆಳಗಿನ ಅನುಭವಕ್ಕೆ ಆ ನಿಧಾನವೇ ಕಾರಣ.

ಮೊದಲು ವೇಗದ ವಿಷಯ ಮುಗಿಸೋಣ, ಯಾಕೆಂದರೆ ಈ ‘ದಟ್ಟ’ದ ಗೊಂದಲ ಮಕ್ಕಳಿಗೆ ಮಾತ್ರವಲ್ಲ, ಕಲಿಸುವವರಿಗೂ ಇದೆ. ಸದ್ದು ಅಂದರೆ ಗಾಳಿ ಇಲ್ಲಿಂದ ಅಲ್ಲಿಗೆ ಹೋಗುವುದಲ್ಲ. ಒಂದು ಕಡೆ ಗಾಳಿ ಒತ್ತಿಕೊಳ್ಳುತ್ತದೆ, ಅದು ಪಕ್ಕದ ಗಾಳಿಯನ್ನು ತಳ್ಳುತ್ತದೆ, ಅದು ಅದರ ಪಕ್ಕದ್ದನ್ನು. ಕಣಗಳು ನಿಂತಲ್ಲೇ ಹಿಂದೆ ಮುಂದೆ ಆಡುತ್ತವೆ, ಸಾಗುವುದು ಒತ್ತಡದ ಏರಿಳಿತ. ಎದುರು ಕೂತವರ ಮಾಮೂಲಿ ಮಾತು ಸುಮಾರು 60 ಡೆಸಿಬೆಲ್. ಅದು ಸೆಕೆಂಡಿಗೆ 1000 ಸಲ ಕಂಪಿಸುವ, ಅಂದರೆ 1000 ಹರ್ಟ್ಸ್‌ನ ಸ್ವರವಾಗಿದ್ದರೆ ನಿಮ್ಮ ಕಿವಿಯ ಬಳಿ ಗಾಳಿ ಅಲುಗುವುದು ಮಿಲಿಮೀಟರಿನ ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಎಂಟು ಭಾಗ, ಅಷ್ಟೇ. ಕಿವಿಯ ಸೂಕ್ಷ್ಮತೆ ಎಂಥದ್ದು ನೋಡಿ.

ಈ ತಳ್ಳಾಟ ಎಷ್ಟು ಬೇಗ ಸಾಗುತ್ತದೆ ಅನ್ನುವುದು ಎರಡು ವಿಷಯಗಳ ಮೇಲೆ ನಿಂತಿದೆ. ಒತ್ತಿದಾಗ ವಸ್ತು ಎಷ್ಟು ಬಿರುಸಾಗಿ ತಿರುಗಿ ತಳ್ಳುತ್ತದೆ ಎಂಬುದು ಒಂದು. ತಳ್ಳಿಸಿಕೊಳ್ಳಬೇಕಾದದ್ದರ ತೂಕ ಎಷ್ಟು ಎಂಬುದು ಇನ್ನೊಂದು. ಬಿರುಸನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗ. ಅಂದರೆ ಸಾಂದ್ರತೆ ಹೆಚ್ಚಾದರೆ, ಬೇರೆಲ್ಲ ಹಾಗೇ ಇದ್ದಾಗ, ವೇಗ ಇಳಿಯುತ್ತದೆ. ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ 5000 ಮೀಟರಿಗೂ ಮೇಲೆ ಓಡುವುದು ಉಕ್ಕು ದಟ್ಟ ಎಂಬ ಕಾರಣಕ್ಕಲ್ಲ. ಅದರ ಬಿರುಸು ಅದರ ತೂಕವನ್ನೂ ಮೀರಿಸುವಷ್ಟಿದೆ, ಅದಕ್ಕೆ. ‘ದಟ್ಟವಾದರೆ ವೇಗ’ ಎಂಬ ಸಾಲನ್ನು ಪಠ್ಯದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಹೊಡೆದುಹಾಕಿದರೆ ಮಗಳಿಗೆ ನಷ್ಟವಿಲ್ಲ.

ಗಾಳಿಗೆ ಲೆಕ್ಕ ಹಾಕಿ ನೋಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಹೆಚ್ಚುಕಮ್ಮಿ 88,000 ಪಾಸ್ಕಲ್. ತಾಪಮಾನ 18 ಡಿಗ್ರಿ ಇದ್ದಾಗ ಒಂದು ಘನ ಮೀಟರ್ ಗಾಳಿಯ ತೂಕ 1.05 ಕಿಲೋ. ಮಂಗಳೂರಿನ ಕಡಲಂಚಿನಲ್ಲಿ ಒತ್ತಡ 1,01,300 ಪಾಸ್ಕಲ್, ಅದೇ 18 ಡಿಗ್ರಿಗೆ ತೂಕ 1.21 ಕಿಲೋ. ಗಾಳಿಯ ಬಿರುಸು ಅಂದರೆ ಒತ್ತಡದ 1.4 ಪಟ್ಟು. ಎರಡೂ ಕಡೆ ಭಾಗಿಸಿ ವರ್ಗಮೂಲ ತೆಗೆಯಿರಿ: ಇಲ್ಲೂ 342, ಅಲ್ಲೂ 342 ಮೀಟರ್. ಬೆಟ್ಟ ಹತ್ತಿದರೆ ಒತ್ತಡವೂ ತೂಕವೂ ಒಂದೇ ಪ್ರಮಾಣದಲ್ಲಿ ಇಳಿಯುವುದರಿಂದ ಎತ್ತರಕ್ಕೆ ಇಲ್ಲಿ ಪಾತ್ರವೇ ಇಲ್ಲ. ಉಳಿಯುವುದು ತಾಪಮಾನ ಮಾತ್ರ. ಮಂಗಳೂರು 30 ಡಿಗ್ರಿಯಲ್ಲಿ ಬೇಯುತ್ತಿದ್ದರೆ ಅಲ್ಲಿ ವೇಗ 349ರ ಮೇಲಾಗುತ್ತದೆ.

ಆ 1.4 ಎಲ್ಲಿಂದ ಬಂತು ಎಂದು ಮಗಳು ಕೇಳಿಯೇ ಕೇಳುತ್ತಾಳೆ. 1687ರಲ್ಲಿ ನ್ಯೂಟನ್ ಈ ಲೆಕ್ಕ ಮಾಡಿದಾಗ ಅದು ಇರಲಿಲ್ಲ. ಅದಿಲ್ಲದೆ ಮೇಲಿನ ಅಂಕಿಗಳನ್ನು ಹಾಕಿದರೆ 289 ಬರುತ್ತದೆ, ನಿಜಕ್ಕಿಂತ ಶೇಕಡಾ 15ರಷ್ಟು ಕಡಿಮೆ. ಸದ್ದಿನಲ್ಲಿ ಗಾಳಿ ಒತ್ತಿಕೊಳ್ಳುವುದು ಎಷ್ಟು ಬೇಗ ಅಂದರೆ, ಆಗ ಹುಟ್ಟುವ ಬಿಸಿ ಪಕ್ಕಕ್ಕೆ ಹರಿದುಹೋಗಲು ಸಮಯವೇ ಸಿಗುವುದಿಲ್ಲ. ಬಿಸಿಯಾದ ಗಾಳಿ ಇನ್ನಷ್ಟು ಬಿರುಸಾಗಿ ತಳ್ಳುತ್ತದೆ. ಸೈಕಲ್ ಪಂಪು ಹೊಡೆಯುವಾಗ ತುದಿ ಬಿಸಿಯಾಗುವುದಿಲ್ಲವೇ, ಅದೇ. 1816ರಲ್ಲಿ ಲಾಪ್ಲಾಸ್ ಈ ತಿದ್ದುಪಡಿ ಕೊಟ್ಟ.

ಕೈಲೆಕ್ಕಕ್ಕೆ ಇಷ್ಟು ನೆನಪಿಡಿ: ಸೊನ್ನೆ ಡಿಗ್ರಿಯಲ್ಲಿ 331, ಮೇಲಿನ ಪ್ರತಿ ಡಿಗ್ರಿಗೆ 0.6 ಸೇರಿಸಿ. ತೇವ ಪೂರ್ತಿ ತುಂಬಿದ ಗಾಳಿಯಲ್ಲಿ ವೇಗ ಸೆಕೆಂಡಿಗೆ ಒಂದು ಮೀಟರ್ ಆಸುಪಾಸು ಹೆಚ್ಚಬಹುದು, ಯಾಕೆಂದರೆ ನೀರಾವಿ ಒಣ ಗಾಳಿಗಿಂತ ಹಗುರ. ನಿಮ್ಮ ಪ್ರಶ್ನೆಗೆ ಅದು ಲೆಕ್ಕಕ್ಕಿಲ್ಲ.

ಈಗ ನಿಮ್ಮ ಗದ್ದೆ. ಡಿಸೆಂಬರ್ ರಾತ್ರಿ ಆಕಾಶ ತಿಳಿ, ಗಾಳಿ ಸ್ತಬ್ಧ. ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ತಣಿಯುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ಇಕ್ಕೆಲದ ಕಾಫಿ ಇಳಿಜಾರಿನಲ್ಲಿ ತಣಿದ ಗಾಳಿ ಭಾರವಾಗಿ, ನೀರು ಹರಿದ ಹಾಗೆ, ಕೆಳಗಿನ ಬಯಲಿಗೆ ಇಳಿದು ನಿಲ್ಲುತ್ತದೆ. ಬೆಳಗಿನ ಆರಕ್ಕೆ ಗದ್ದೆಯಲ್ಲಿ ನಡುಕ, ಮೇಲಿನ ತೋಟದಲ್ಲಿ ಅಷ್ಟಿಲ್ಲ ಅನ್ನುವುದು ನಿಮಗೆ ಗೊತ್ತಿರುವುದೇ. ಮಾಮೂಲಿಯಾಗಿ ಮೇಲೆ ಹೋದಂತೆ ತಂಪು, ಇಲ್ಲಿ ಮೇಲೆ ಹೋದಂತೆ ಬೆಚ್ಚಗೆ. ಹವಾಮಾನದವರು ಇದನ್ನು ಇನ್ವರ್ಷನ್ ಎನ್ನುತ್ತಾರೆ. ಇದೇ ತಣ್ಣನೆ ಕೊಳದಲ್ಲಿ ನೀರಾವಿ ಹನಿಗಟ್ಟಿ ಮಂಜಾಗುತ್ತದೆ. ಮಂಜು ಬಂದದ್ದೂ ಸದ್ದು ಬಂದದ್ದೂ ಒಂದೇ ಕಾರಣಕ್ಕೆ. ಮಂಜಿಲ್ಲದ ಇನ್ವರ್ಷನ್ನಿನಲ್ಲೂ ಸದ್ದು ಹಾಗೇ ಬರುತ್ತದೆ, ಒಮ್ಮೆ ಗಮನಿಸಿ.

ಹಾಗಾದರೆ ಸದ್ದಿಗೆ ಏನಾಗುತ್ತದೆ? ಕೆಸರುಗದ್ದೆಯಲ್ಲಿ ಹತ್ತು ಜನ ಕೈಕೈ ಹಿಡಿದು ಸಾಲಾಗಿ ನಡೆಯುತ್ತಿದ್ದಾರೆ ಅಂದುಕೊಳ್ಳಿ. ಎಡಗಡೆಯವರಿಗೆ ಪಾದದಷ್ಟು ಕೆಸರು, ಬಲಗಡೆಯವರಿಗೆ ಮೊಣಕಾಲಷ್ಟು. ಬಲಗಡೆಯವರು ಹಿಂದುಳಿಯುತ್ತಾರೆ, ಕೈ ಬಿಡದಿದ್ದರೆ ಇಡೀ ಸಾಲು ಬಲಕ್ಕೆ, ಅಂದರೆ ನಿಧಾನದ ಕಡೆಗೆ, ತಿರುಗುತ್ತದೆ. ಸದ್ದಿನ ಅಲೆಯೂ ಹಾಗೇ. ಬೆಳಿಗ್ಗೆ ಕೆಳಗೆ ತಣ್ಣಗೆ, ನಿಧಾನ. ಮೇಲೆ ಬೆಚ್ಚಗೆ, ಬೇಗ. ಅಲೆ ನೆಲದ ಕಡೆಗೆ ಬಾಗುತ್ತದೆ. ಮಧ್ಯಾಹ್ನ ಬಿಸಿಲಿಗೆ ನೆಲ ಕಾದು ಕೆಳಗಿನ ಗಾಳಿ ಬಿಸಿಯಾಗಿ ತಿರುವುಮುರುವು: ಅಲೆ ಆಕಾಶಕ್ಕೆ ಬಾಗುತ್ತದೆ. ನೀವು ಕೂಗಿದ್ದು ಸಾಯುವುದಿಲ್ಲ, ಎದುರು ಮನೆಯವರ ತಲೆಯ ಮೇಲಿಂದ ಹಾದುಹೋಗುತ್ತದೆ.

ಇದರ ಅಳತೆ ಎಷ್ಟೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಬೆಳಿಗ್ಗೆ ಗದ್ದೆಯಿಂದ 50 ಮೀಟರ್ ಎತ್ತರಕ್ಕೆ 5 ಡಿಗ್ರಿ ವ್ಯತ್ಯಾಸ ಇದೆ ಎನ್ನಿ. ಅಂದರೆ ಆ 50 ಮೀಟರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಬರೀ 3 ಮೀಟರ್ ಏರುತ್ತದೆ, ಶೇಕಡಾ ಒಂದೂ ಇಲ್ಲ. ಆದರೂ ಅಲೆಯ ದಾರಿ ಸುಮಾರು 5.7 ಕಿಲೋಮೀಟರ್ ತ್ರಿಜ್ಯದ ಬಿಲ್ಲಾಗಿ ಬಾಗುತ್ತದೆ. ಒಂದು ಕಿಲೋಮೀಟರ್ ದೂರದ ಮನೆಗೆ ಹೋಗುವ ಸದ್ದು ನಡುದಾರಿಯಲ್ಲಿ 22 ಮೀಟರ್ ಮೇಲೆದ್ದು ಮತ್ತೆ ನೆಲಕ್ಕೆ ಇಳಿಯುತ್ತದೆ. ಮಧ್ಯದ ಏರಿ, ಬಿದಿರಿನ ಮೆಳೆ, ಎಳೆ ಸಿಲ್ವರ್ ಓಕ್, ಎಲ್ಲದರ ಮೇಲಿಂದ. ಇಳಿದದ್ದು ನೀರು ನಿಂತ ಗದ್ದೆಗೆ ಬಡಿದರೆ ಪುಟಿದು ಮತ್ತೆ ಅದೇ ಬಿಲ್ಲು ಹಿಡಿಯುತ್ತದೆ.

ಮಧ್ಯಾಹ್ನ? ಬಿಸಿಲು ಕಾದ ನೆಲದ ಹತ್ತಿರದ 10 ಮೀಟರಿನಲ್ಲಿ 2 ಡಿಗ್ರಿ ಇಳಿದರೆ ಬಿಲ್ಲಿನ ತ್ರಿಜ್ಯ 2.8 ಕಿಲೋಮೀಟರ್ ಆಸುಪಾಸು, ಈಗ ತಲೆಕೆಳಗಾಗಿ. ಕೂಗುವವರ ಬಾಯಿ, ಕೇಳುವವರ ಕಿವಿ ಎರಡೂ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ, ಸುಮಾರು 185 ಮೀಟರ್ ಆಚೆಗೆ ನೇರ ಸದ್ದು ತಲುಪುವುದಿಲ್ಲ. ಅಲ್ಲಿಂದ ಮುಂದೆ ಸದ್ದಿನ ನೆರಳು. ಪೂರ್ತಿ ಮೌನವಲ್ಲ, ಗಾಳಿಯ ಸುಳಿಗಳಿಂದ ಚದುರಿದ್ದು ಒಂದಿಷ್ಟು ಬೀಳುತ್ತದೆ, ಆದರೆ 20 ಡೆಸಿಬೆಲ್ ಕಳೆದುಕೊಂಡು. ಕೂಗಳತೆ ಎಂದು ನಾವು ಹೇಳುವ ದೂರ ನಿಮ್ಮ ಬಯಲಿನಲ್ಲಿ ಮಧ್ಯಾಹ್ನ ಇನ್ನೂರು ಮೀಟರ್, ಬೆಳಿಗ್ಗೆ ಒಂದು ಕಿಲೋಮೀಟರ್.

ಡೆಸಿಬೆಲ್ಲಿನ ಜಮಾಖರ್ಚನ್ನೂ ಹಾಕಿ. ಗಟ್ಟಿಯಾದ ಕೂಗು ಬಾಯಿಂದ ಒಂದು ಮೀಟರಿನಲ್ಲಿ 90 ಎನ್ನೋಣ. ದೂರ ಹತ್ತು ಪಟ್ಟಾದರೆ 20 ಕಳೆಯಬೇಕು, ಒಂದು ಕಿಲೋಮೀಟರಿಗೆ 60. ಉಳಿದದ್ದು 30. ಗಾಳಿ ತಾನೇ ನುಂಗುವುದು 1000 ಹರ್ಟ್ಸ್‌ಗೆ ಕಿಲೋಮೀಟರಿಗೆ 5. ಉಳಿದದ್ದು 25. ಸದ್ದಿಲ್ಲದ ಹಳ್ಳಿಯ ಬೆಳಗಿನ ಹಿನ್ನೆಲೆ ಶಬ್ದವೂ ಅಷ್ಟರಲ್ಲೇ ಇರುತ್ತದೆ, ಕಿವಿಗೊಟ್ಟರೆ ಕೇಳಿಸುತ್ತದೆ, ಗದ್ದೆಯಲ್ಲಿ ಪುಟಿದು ಬಂದದ್ದೂ ಸೇರಿದರೆ ಇನ್ನೂ ಚೆನ್ನಾಗಿ. ಮಧ್ಯಾಹ್ನ ನೆರಳಿನ 20 ಕಳೆದರೆ 5 ಉಳಿಯಿತು. ಅದರ ಮೇಲೆ ಜೀಪು, ಪಂಪ್‌ಸೆಟ್ಟು, ಜೀರುಂಡೆಗಳ ಗದ್ದಲ. ಇನ್ನೆಲ್ಲಿ ಕೇಳೀತು?

ಒಂದು ಎಚ್ಚರಿಕೆ: ಇದು ಬಯಲಿನುದ್ದಕ್ಕೆ, ನೆಲಕ್ಕೆ ಹತ್ತಿರವಾಗಿ ಸಾಗುವ ಸದ್ದಿನ ಕತೆ. ಕಣಿವೆಯ ಎರಡು ಬದಿಯ ಗುಡ್ಡದ ಮೇಲೆ ಎದುರುಬದುರಾಗಿ ಇರುವ ಮನೆಗಳ ನಡುವೆ ಸದ್ದಿನ ದಾರಿ ನೆಲದಿಂದ ತುಂಬಾ ಮೇಲಿರುತ್ತದೆ, ಅಲ್ಲಿ ನೆರಳು ಬೀಳುವುದಿಲ್ಲ. ನಿಮ್ಮ ನೆಂಟರು ಯಾರಾದರೂ ‘ನಮ್ಮಲ್ಲಿ ಮಧ್ಯಾಹ್ನವೂ ಕೇಳುತ್ತದಪ್ಪ’ ಎಂದರೆ ಜಗಳ ಬೇಡ.

ಮಳೆಗಾಲಕ್ಕೆ ಬೇರೆ ನ್ಯಾಯ. ಜೂನ್‌ನಿಂದ ಮೋಡ ಕಂಬಳಿಯಂತೆ ಹೊದ್ದಿರುವುದರಿಂದ ನೆಲ ರಾತ್ರಿ ಅಷ್ಟು ತಣಿಯುವುದಿಲ್ಲ, ಗಾಳಿ ಕಲಕುತ್ತಲೇ ಇರುತ್ತದೆ, ಇನ್ವರ್ಷನ್ ಕಟ್ಟುವುದೇ ಇಲ್ಲ. ಆಗ ಯಜಮಾನಿಕೆ ಗಾಳಿಯದು. ಗಾಳಿ ಸದ್ದನ್ನು ಹೊತ್ತು ತರುತ್ತದೆ ಅನ್ನುವುದೂ ಅರ್ಧಸತ್ಯವೇ. ಸೆಕೆಂಡಿಗೆ 5 ಮೀಟರಿನ ಗಾಳಿ 340ಕ್ಕೆ ಸೇರಿದರೆ ಎಷ್ಟು ಮಹಾ? ಕೆಲಸ ಮಾಡುವುದು ಅದರ ಏರುಪೇರು. ನೆಲದ ಬಳಿ ಗಿಡಗಂಟಿಗೆ ತಡೆದು ನಿಧಾನ, ಮೇಲೆ ಬಿರುಸು. ಗಾಳಿ ಬೀಸುವ ದಿಕ್ಕಿಗೆ ಹೋಗುವ ಸದ್ದು ಕೆಳಕ್ಕೆ ಬಾಗುತ್ತದೆ, ಎದುರು ಹೋಗುವುದು ಮೇಲಕ್ಕೆ. ನೆಲದಿಂದ ಹತ್ತು ಮೀಟರಿನೊಳಗೆ ಗಾಳಿಯ ವೇಗ ಸೆಕೆಂಡಿಗೆ 2.5 ಮೀಟರ್ ಏರಿದರೆ, ಅದು ಮೇಲೆ ಹೇಳಿದ ಮಧ್ಯಾಹ್ನದ ಬಿಸಿಯ ಪರಿಣಾಮದ ಎರಡು ಪಟ್ಟು. ಪಡುವಣ ಗಾಳಿ ಜೋರಿದ್ದ ದಿನ ಸದ್ದಿನ ಮೂಲಕ್ಕೆ ಮೂಡಲ ದಿಕ್ಕಿನಲ್ಲಿರುವವರಿಗೆ ಲಾಭ. ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದರೆ ಈ ಲೆಕ್ಕವೆಲ್ಲ ಬಿಡಿ, ಒಳಮನೆಯವರ ಮಾತೇ ಜಗಲಿಗೆ ಕೇಳುವುದಿಲ್ಲ.

ದೂರದಿಂದ ಮಾತಿನ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಇದನ್ನೂ ನೀವು ಗಮನಿಸಿರುತ್ತೀರಿ. ಗಾಳಿ ಎಲ್ಲ ಕಂಪನಗಳನ್ನೂ ಒಂದೇ ಸಮ ನುಂಗುವುದಿಲ್ಲ. 20 ಡಿಗ್ರಿ, ಶೇಕಡಾ 70 ತೇವದಲ್ಲಿ 125 ಹರ್ಟ್ಸ್‌ನ ಗುಡುಗುಟ್ಟುವಿಕೆ ಕಿಲೋಮೀಟರಿಗೆ ಅರ್ಧ ಡೆಸಿಬೆಲ್ಲನ್ನೂ ಕಳೆದುಕೊಳ್ಳುವುದಿಲ್ಲ. 4000 ಹರ್ಟ್ಸ್ 23 ಕಳೆದುಕೊಳ್ಳುತ್ತದೆ. 8000 ಹರ್ಟ್ಸ್‌ಗೆ 75ರ ಮೇಲೆ, ಅಂದರೆ ಬಂದೇ ಇಲ್ಲ. ಆ, ಓ, ಊ ಮುಂತಾದ ಸ್ವರಗಳ ಜೀವ ಕೆಳಗಿನ ಕಂಪನಗಳಲ್ಲಿದೆ. ಸ, ಶ, ಚ, ತ ವ್ಯಂಜನಗಳದ್ದು ಮೇಲಿನವುಗಳಲ್ಲಿ. ಒಂದು ಕಿಲೋಮೀಟರ್ ಆಚೆಯಿಂದ ವ್ಯಂಜನ ಉದುರಿಹೋಗಿ ಸ್ವರ ಮಾತ್ರ ಬರುತ್ತದೆ. ತೋಟದಲ್ಲಿ ಆಳನ್ನು ಕರೆಯುವವರು ಹೆಸರು ಹಿಡಿದು ಕೂಗದೆ ‘ಕೂ…’ ಎಂದು ಎಳೆಯುವುದು ಸುಮ್ಮನೆ ಅಲ್ಲ. ದೂರದ ಮಂದಿನಿಂದ (ಊರು ಸೇರಿ ಹಬ್ಬ ಮಾಡುವ ಬಯಲಿನಿಂದ) ದುಡಿಯ ಪೆಟ್ಟು ಕೇಳಿ, ಹಾಡಿನ ಪದ ತಿಳಿಯದೇ ಇರುವುದೂ ಇದಕ್ಕೇ.

ಗುಂಡಿನ ಎರಡು ಸದ್ದು. ಇದರಲ್ಲಿ ಎರಡು ಬೇರೆಬೇರೆ ಸಂಗತಿ ಬೆರೆಯುತ್ತವೆ. ಕೋವಿಯ ಗುಂಡು ಅಥವಾ ಚರೆ ನಳಿಗೆಯಿಂದ ಹೊರಬೀಳುವಾಗ ಸೆಕೆಂಡಿಗೆ 380–400 ಮೀಟರ್ ಇದ್ದರೆ ಅದು ಸದ್ದಿಗಿಂತ ಮುಂದೆ ಓಡುತ್ತದೆ, ಗಾಳಿಯನ್ನು ಸೀಳಿಕೊಂಡು. ಅದರ ದಾರಿಯ ಮುಂದಿನ ಪಕ್ಕದಲ್ಲಿ ನಿಂತವರಿಗೆ ಮೊದಲು ಚಟ್ ಎಂಬ ಒಡಕು, ಹಿಂದೆಯೇ ಕೋವಿಯ ಢಂ. ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಗುರಿಹಲಗೆಯ ಕಡೆ, ಪಕ್ಕಕ್ಕೆ ನಿಂತವರಿಗೆ ಇದು ಕೇಳುತ್ತದೆ, ಹೊಡೆಯುವವರ ಹಿಂದೆ ನಿಂತವರಿಗೆ ಕೇಳುವುದಿಲ್ಲ. (ಹೊಡೆಯುವವರ ಕಿವಿಯ ಬಳಿ ಈ ಢಂ 140 ಡೆಸಿಬೆಲ್ ದಾಟುತ್ತದೆ. ಒಂದೇ ಸಲಕ್ಕೆ ಕಿವಿಯೊಳಗೆ ಸದ್ದನ್ನು ಗ್ರಹಿಸುವ ಕೂದಲಿನಂಥ ಕೋಶಗಳು ಹಾಳಾಗಬಹುದು, ಹಾಳಾದದ್ದು ಮತ್ತೆ ಹುಟ್ಟುವುದಿಲ್ಲ. ಫೋಮಿನ ಬಿರಡೆ ಹಾಕಿಕೊಳ್ಳಿ, ಹತ್ತಿ ಸಾಲದು.)

ಆದರೆ ಹುತ್ತರಿಯಲ್ಲಿ ಕದಿರು ತೆಗೆಯುವಾಗ ಹಾರಿಸುವುದು ಆಕಾಶಕ್ಕೆ, ನೀವಿರುವುದು ಒಂದು ಕಿಲೋಮೀಟರ್ ಆಚೆ. ನಿಮಗೆ ಕೇಳುವ ಎರಡನೆಯದು ಗುಡ್ಡದ ಪ್ರತಿಧ್ವನಿ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಎರಡರ ನಡುವೆ ಒಂದೂವರೆ ಸೆಕೆಂಡು ಎಣಿಸಿ, 340ರಿಂದ ಗುಣಿಸಿ 510, ಅರ್ಧ ಮಾಡಿ 255, ‘ಗುಡ್ಡ 255 ಮೀಟರ್ ದೂರ’ ಎಂದುಬಿಡುತ್ತಾರೆ. ಅರ್ಧ ಮಾಡುವುದು ಸದ್ದು ಮಾಡಿದವರೂ ಕೇಳಿದವರೂ ಒಂದೇ ಜಾಗದಲ್ಲಿದ್ದಾಗ ಮಾತ್ರ. ನಿಮ್ಮ ಲೆಕ್ಕದಲ್ಲಿ 510 ಮೀಟರ್ ಎಂದರೆ ಗುಡ್ಡಕ್ಕೆ ಬಡಿದು ಬಂದ ದಾರಿ ನೇರ ದಾರಿಗಿಂತ ಎಷ್ಟು ಉದ್ದ ಎಂಬುದು, ಅಷ್ಟೇ. ಆಮೇಲಿನ ಎಳೆತ ಒಂದು ಗುಡ್ಡದ್ದಲ್ಲ. ಇಳಿಜಾರಿನ ಒಂದೊಂದು ಭಾಗವೂ ಬೇರೆ ಬೇರೆ ದೂರದಿಂದ ಚೂರುಚೂರಾಗಿ ಸದ್ದನ್ನು ಹಿಂದಿರುಗಿಸುತ್ತದೆ. ನಡುವೆ ಹತ್ತನೇ ಒಂದು ಸೆಕೆಂಡೂ ಬಿಡುವಿಲ್ಲದ ಕಾರಣ ಕಿವಿ ಅವನ್ನು ಬಿಡಿಸಲಾರದೆ ಒಂದೇ ಗುಡುಗಾಗಿ ಕೇಳುತ್ತದೆ.

ಸಿಲ್ವರ್ ಓಕ್ ಸಾಲಿನಿಂದ ಲೌಡ್‌ಸ್ಪೀಕರ್ ಕಾಟ ತಪ್ಪುವುದಿಲ್ಲ. ಹತ್ತಿಪ್ಪತ್ತು ಮೀಟರ್ ದಪ್ಪದ, ಆಚೆ ಕಾಣದಷ್ಟು ಒತ್ತಾದ ಎಲೆಪೊದೆ ಮಧ್ಯದ ಸ್ವರಗಳಿಗೆ ಒಂದು ಡೆಸಿಬೆಲ್ ಕಡಿಮೆ ಮಾಡಿದರೆ ಹೆಚ್ಚು. ನೂರು ಮೀಟರ್ ದಟ್ಟ ಕಾಡಿದ್ದರೆ 1000 ಹರ್ಟ್ಸ್‌ಗೆ 6, ಸ್ಪೀಕರಿನ ಬುಡುಬುಡು 125 ಹರ್ಟ್ಸ್‌ಗೆ ಬರೀ 3. ಕಾರಣ ಸರಳ: 125 ಹರ್ಟ್ಸ್‌ನ ತರಂಗದೂರ 2.7 ಮೀಟರ್, ಒಂದಡಿ ದಪ್ಪದ ಕಾಂಡ ಅದಕ್ಕೆ ಕಣ್ಣಿಗೇ ಕಾಣದು. ಆನೆಗಳು ಕಾಡಿನಲ್ಲಿ ಇದನ್ನೇ ಬಳಸಿಕೊಳ್ಳುತ್ತವೆ. ಏಷ್ಯಾದ ಆನೆಗಳು 14ರಿಂದ 24 ಹರ್ಟ್ಸ್‌ನಲ್ಲಿ ಗುನುಗುತ್ತವೆ ಎಂದು ಸಂಶೋಧಕಿ ಕೇಟಿ ಪೇನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದರು. ಅದರ ಬಹುಪಾಲು ನಮ್ಮ ಕಿವಿಗೆ ನಿಲುಕದ್ದು. ಆ ಅಲೆಗಳ ಉದ್ದ 14ರಿಂದ 24 ಮೀಟರ್, ಮರಗಳು ಅವಕ್ಕೆ ಅಡ್ಡಿಯೇ ಅಲ್ಲ. ಲೌಡ್‌ಸ್ಪೀಕರಿಗೆ ಮದ್ದು ಬೇಕೆಂದರೆ ಮನೆಗೆ ಹತ್ತಿರ, ಸಂದಿಯಿಲ್ಲದ, ಕಿಟಕಿಯಿಂದ ನೋಡಿದರೆ ಸ್ಪೀಕರನ್ನು ಮರೆಮಾಡುವಷ್ಟು ಎತ್ತರದ ಗೋಡೆ. ಅದೂ ಇನ್ವರ್ಷನ್ ರಾತ್ರಿಯಲ್ಲಿ ಮೇಲಿನಿಂದ ಬಾಗಿ ಇಳಿಯುವ ಸದ್ದಿಗೆ ಅರ್ಧಂಬರ್ಧ. ಆ ಕಡೆಯವರೊಂದಿಗೆ ಮಾತಾಡಿ, ಸ್ಪೀಕರಿನ ಬಾಯಿ ಬೇರೆ ಕಡೆ ತಿರುಗಿಸಿಕೊಳ್ಳುವುದು ಅಗ್ಗ.

ಇದನ್ನು ಮಗಳೇ ಪರೀಕ್ಷಿಸಬಹುದು. ಎರಡು ಸಾಧಾರಣ ಥರ್ಮಾಮೀಟರ್ ಸಾಕು. ಮೊದಲು ಎರಡನ್ನೂ ಅರ್ಧ ಗಂಟೆ ಒಂದೇ ಕಡೆ ಜೋಡಿಸಿಟ್ಟು ಓದಿ. ಅಗ್ಗದವು ಒಂದಕ್ಕೊಂದು ಒಂದು ಡಿಗ್ರಿ ತಪ್ಪಿ ತೋರಿಸುವುದು ಮಾಮೂಲು, ಆ ವ್ಯತ್ಯಾಸ ಬರೆದಿಟ್ಟುಕೊಂಡು ಕಳೆಯಿರಿ, ಇಲ್ಲದಿದ್ದರೆ ಇಲ್ಲದ ಇನ್ವರ್ಷನ್ ಕಾಣುತ್ತದೆ. ಒಂದನ್ನು ಗದ್ದೆಯಲ್ಲಿ ಒಂದು ಮೀಟರ್ ಎತ್ತರಕ್ಕೆ, ಇನ್ನೊಂದನ್ನು ಬಿದಿರಿನ ಗಳುವಿಗೆ ಕಟ್ಟಿ ಎಂಟು ಹತ್ತು ಮೀಟರ್ ಎತ್ತರಕ್ಕೆ. ಎರಡಕ್ಕೂ ಬಿಸಿಲು ನೇರ ಬೀಳದಂತೆ ಬಿಳಿ ಕಾಗದದ ಮರೆ. ಮೇಲಿನದು ಕೈಗೆ ಇಳಿಸುವಷ್ಟರಲ್ಲಿ ಬದಲಾಗುತ್ತದೆ, ಮೊಬೈಲ್ ಕ್ಯಾಮೆರಾದ ಜೂಮಿನಿಂದಲೇ ಓದಿ. ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಎರಡು. ಅದೇ ಹೊತ್ತಿಗೆ ಎದುರು ಮನೆಯವರು ಒಂದೇ ಸ್ಪೀಕರಿನಲ್ಲಿ, ಒಂದೇ ವಾಲ್ಯೂಮಿನಲ್ಲಿ 250, 1000, 4000 ಹರ್ಟ್ಸ್ ಸ್ವರಗಳನ್ನು ಹತ್ತು ಹತ್ತು ಸೆಕೆಂಡು ನುಡಿಸಲಿ. ಫೋನಿನ ಡೆಸಿಬೆಲ್ ಆ್ಯಪ್ ಅಂಕಿಯನ್ನು ನಂಬಬೇಡಿ, ಫೋನು ಸಣ್ಣ ಸದ್ದನ್ನು ತಾನೇ ಏರಿಸಿ ಗದ್ದಲವನ್ನು ತಾನೇ ಅಳಿಸುತ್ತದೆ. ಕಿವಿಯಿಂದ ‘ಕೇಳಿತು, ಇಲ್ಲ’ ಎಂದು ಬರೆದುಕೊಂಡರೆ ಹೆಚ್ಚು ಪ್ರಾಮಾಣಿಕ.

ವೇಗವನ್ನೇ ಅಳೆಯಬೇಕಿದ್ದರೆ ಕಾಫಿ ಕಣದ ತುದಿಯಲ್ಲಿ ಗೋದಾಮಿನ ಗೋಡೆಯಿದ್ದರೆ ಬಹಳ ಅನುಕೂಲ. ಗೋಡೆಗೆ ಎದುರಾಗಿ ಟೇಪಿನಲ್ಲಿ ಸರಿಯಾಗಿ 50 ಮೀಟರ್ ಅಳೆದು ನಿಂತು ಎರಡು ಹಲಗೆ ಚೂರು ಬಡಿಯಿರಿ. ಪ್ರತಿಧ್ವನಿ 0.29 ಸೆಕೆಂಡಿಗೆ ಬರುತ್ತದೆ, ಸ್ಟಾಪ್‌ವಾಚಿಗೆ ಸಿಗದಷ್ಟು ಬೇಗ. ಅದಕ್ಕೇ ಒಂದು ಉಪಾಯ: ತಾಳ ಹಾಕಿದಂತೆ ಬಡಿಯುತ್ತ ಹೋಗಿ, ಪ್ರತಿಧ್ವನಿ ಎರಡು ಪೆಟ್ಟಿನ ನಟ್ಟನಡುವೆ ಬೀಳುವಂತೆ ಲಯ ಹೊಂದಿಸಿಕೊಳ್ಳಿ. ಆಗ ಪೆಟ್ಟಿನಿಂದ ಪೆಟ್ಟಿಗೆ ಸದ್ದು 200 ಮೀಟರ್ ಸಾಗುವಷ್ಟು ಸಮಯ. ಇಪ್ಪತ್ತು ಅಂತರಕ್ಕೆ 4000 ಮೀಟರ್. ಸುಮಾರು 11.7 ಸೆಕೆಂಡು ಬಂದರೆ ವೇಗ 342. ಇಪ್ಪತ್ತು ಪೆಟ್ಟು ಎಣಿಸಿದರೆ ಅಂತರ ಹತ್ತೊಂಬತ್ತೇ, ಈ ಒಂದೇ ತಪ್ಪಿಗೆ ಶೇಕಡಾ ಐದು ಹೋಗುತ್ತದೆ. ಮೊದಲ ಪೆಟ್ಟಿಗೆ ‘ಸೊನ್ನೆ’ ಎನ್ನಿ. ಕಣ ಕಾದ ಮೇಲೆ ಮಾಡಿದರೆ ಸಿಮೆಂಟಿನ ಮೇಲಿನ ಗಾಳಿಯ ತಾಪಮಾನ ಥರ್ಮಾಮೀಟರ್ ತೋರಿಸಿದ್ದಕ್ಕಿಂತ ಬೇರೆಯೇ ಇರುತ್ತದೆ, ಹಾಗಾಗಿ ಬಿಸಿಲು ಬೀಳುವ ಮುಂಚೆ ಮುಗಿಸಿ. ಎಲೆ ಅಲ್ಲಾಡುವಷ್ಟು ಗಾಳಿ ಇದ್ದರೆ ಗದ್ದೆಯ ಪರೀಕ್ಷೆಯನ್ನು ಆ ದಿನ ಮಾಡಲೇಬೇಡಿ.